ಗುದ್ದಲಿ ಯಾರದು?

ಅನ್ನ ಕೊಡುವ ತಾಯಿಗೆ ನಾಡುನಾಡಿಗೂ ಒಂದೊಂದು ಹೆಸರು. ಕಡಲಾಚೆಯ ಜಾವಾ ದ್ವೀಪದ ರೈತರು ಅವಳನ್ನು ಶ್ರೀದೇವಿ ಎಂದೇ ಕರೆಯುತ್ತಾರೆ. ನಮ್ಮ ಬಾಯಿಗೆ ಎಷ್ಟು ಹತ್ತಿರದ ಹೆಸರು ನೋಡಿ!

ಭತ್ತದ ತೆನೆಯೊಳಗೆ ಅವಳು ಮಲಗಿರುತ್ತಾಳೆ ಎಂದು ಅವರ ನಂಬಿಕೆ. ಅದಕ್ಕೇ ಅಲ್ಲಿನ ಹೆಂಗಸರು ಕುಯ್ಲಿಗೆ ಕುಡುಗೋಲು ಒಯ್ಯುವುದಿಲ್ಲ. ಅಂಗೈಯಲ್ಲಿ ಮುಚ್ಚಿಕೊಳ್ಳುವಷ್ಟು ಪುಟ್ಟ ಕತ್ತಿ ಹಿಡಿದು ಒಂದೊಂದೇ ತೆನೆ ಕುಯ್ಯುತ್ತಾರೆ. ಮಲಗಿದ ತಾಯಿ ಬೆಚ್ಚಬಾರದಲ್ಲ!

ಆ ತಾಯಿಗೊಂದು ನಮಸ್ಕಾರ. ಇನ್ನು ಕಥೆ.

ಬೆಂಕಿಬೆಟ್ಟವೊಂದರ ಮಗ್ಗುಲಲ್ಲಿ, ಹೊಳೆ ಹೊರಳುವ ಕಡೆ, ಒಂದು ಆಶ್ರಮವಿತ್ತು. ಬಿದಿರು ತಡಿಕೆಯ ಗೋಡೆ, ಹುಲ್ಲಿನ ಮಾಡು. ಅಲ್ಲಿ ಕಿ ಮರ್ಸುದಿ ಎಂಬ ಗುರುಗಳಿದ್ದರು. ‘ಕಿ’ ಅನ್ನುವುದು ಅಲ್ಲಿಯವರು ಹಿರಿಯರನ್ನು ಕರೆಯುವ ಗೌರವದ ಮಾತು.

ಅವರ ಶಿಷ್ಯರಲ್ಲಿ ಲೆಗಿಮಾನ ಎಂಬವನೊಬ್ಬ. ಬೆಟ್ಟದ ಕೆಳಗಿನ ಊರಿನ ರೈತನ ಮಗ. ಆ ದೇಶದ ಸಂತೆವಾರಕ್ಕೆ ಐದೇ ದಿನ. ಅದರಲ್ಲಿ ಒಂದು ದಿನದ ಹೆಸರು ‘ಲೆಗಿ’, ಅಂದರೆ ಸಿಹಿ. ಸಿಹಿಯ ದಿನ ಹುಟ್ಟಿದ ಕೂಸು ಎಂದು ತಾಯಿ ಆ ಹೆಸರಿಟ್ಟಿದ್ದಳು.

ಮಾತು ಸಿಹಿಯೇ. ಹಟ ಮಾತ್ರ ಉಡದ ಪಟ್ಟು.

ಒಂದು ದಿನ ಅವನ ತಂದೆ ತೀರಿಕೊಂಡ ಸುದ್ದಿ ಬಂತು. ಲೆಗಿಮಾನ ಊರಿಗೆ ಹೋದ. ಕ್ರಿಯೆಗಳೆಲ್ಲ ಮುಗಿದ ಮೇಲೆ ಬೆಟ್ಟ ಹತ್ತಿ ಬಂದ. ಬಂದವನ ಮುಖದಲ್ಲಿ ದುಃಖದ ಜೊತೆಗೆ ಒಂದು ಬೆಳಕೂ ಇತ್ತು.

ಗುರುಗಳು ಅಂಗಳದಲ್ಲಿ ಕೂತು ಬಿದಿರು ಸೀಳುತ್ತಿದ್ದರು.

“ಗುರುಗಳೇ, ಎಲ್ಲ ಬಿಟ್ಟುಬಂದೆ.”

“ಏನು ಬಿಟ್ಟೆ?”

“ಗದ್ದೆ, ಮನೆ, ಹಿತ್ತಿಲು, ಹಿತ್ತಿಲ ತೆಂಗು. ನನಗೆ ಬಂದ ಎರಡು ಬುಟ್ಟಿಯನ್ನೂ ತಂಗಿಗೇ ಕೊಟ್ಟೆ.”

ಎರಡು ಬುಟ್ಟಿ ಎಂದರೆ ಹೀಗೆ. ಆ ಊರುಗಳಲ್ಲಿ ಆಸ್ತಿ ಹಂಚುವಾಗ ‘ಗಂಡಿಗೆ ಕಾವಡಿ, ಹೆಣ್ಣಿಗೆ ಬೆನ್ನಹೊರೆ’ ಅನ್ನುತ್ತಾರೆ. ಗಂಡಸು ಕಾವಡಿಯ ಎರಡು ತುದಿಗೆ ಎರಡು ಬುಟ್ಟಿ ಕಟ್ಟಿ ಹೊರುತ್ತಾನೆ. ಹೆಂಗಸು ಬಟ್ಟೆಯಲ್ಲಿ ಒಂದೇ ಬುಟ್ಟಿ ಕಟ್ಟಿ ಬೆನ್ನಿಗೆ ಹಾಕಿಕೊಳ್ಳುತ್ತಾಳೆ. ಅದಕ್ಕೇ ಮಗನಿಗೆ ಎರಡು ಪಾಲು, ಮಗಳಿಗೆ ಒಂದು.

ಶಿಷ್ಯ ಮೆಚ್ಚುಗೆಯ ಮಾತಿಗೆ ಕಾದ. ಗುರುಗಳು ಬಿದಿರಿನ ಸಿಬಿರು ಹೆರೆದರು.

“ಎಲ್ಲಿ ಇಟ್ಟೆ?”

“ಏನನ್ನು?”

“ಬಿಟ್ಟದ್ದನ್ನು.”

“ಬಿಟ್ಟದ್ದನ್ನು ಇಡುವುದೇನು ಗುರುಗಳೇ? ಬಿಟ್ಟೆ, ಅಷ್ಟೇ.”

“ಹೊರೆ ಇಳಿಸಿದವನು ಎಲ್ಲಾದರೂ ಇಟ್ಟಿರಲೇಬೇಕಲ್ಲಪ್ಪ. ಗಾಳಿಯಲ್ಲಿ ನಿಲ್ಲುವ ಹೊರೆಯನ್ನು ನಾನು ಕಂಡಿಲ್ಲ.”

ಲೆಗಿಮಾನನ ಮನಸ್ಸು ಇನ್ನಷ್ಟು ಗಟ್ಟಿಯಾಯಿತು. ಹೊಳೆಯ ಕಡೆ ತಿರುಗಿ ಕೈಮುಗಿದ.

“ಇನ್ನು ಮೇಲೆ ‘ನನ್ನದು’ ಎಂಬ ಮಾತು ಈ ಬಾಯಲ್ಲಿ ಬರುವುದಿಲ್ಲ. ಹೊಳೆಯ ಆಣೆ. ಇದು ನನ್ನ...” ನಾಲಿಗೆ ಕಚ್ಚಿಕೊಂಡ. “ಇದು ಈ ಬಾಯಿಯ ವ್ರತ.”

“ಒಳ್ಳೆಯದು,” ಅಂದರು ಗುರುಗಳು. “ಬಾಯಿಗೆ ಚೆನ್ನಾಗಿ ಹೇಳಿಡು.”

ವ್ರತ ಹಿಡಿದ ಮೇಲೆ ಅವನ ಮಾತಿನ ರೀತಿಯೇ ಬೇರೆಯಾಯಿತು. ‘ನನ್ನ ಚಾಪೆ’ ಹೋಗಿ ‘ಆ ಚಾಪೆ’ ಆಯಿತು. ‘ನನಗೆ ಹಸಿವು’ ಹೋಗಿ ‘ಹೊಟ್ಟೆಗೆ ಹಸಿವು’ ಆಯಿತು. ಜೊತೆಯವರು ಬಾಯಿಗೆ ಕೈ ಅಡ್ಡ ಇಟ್ಟು ನಗುತ್ತಿದ್ದರು. ಅವನು ಲಕ್ಷ್ಯ ಮಾಡಲಿಲ್ಲ.

ಒಮ್ಮೆ ಸೌದೆ ತರುವಾಗ ಮುಳ್ಳು ಹೊಕ್ಕಿತು. ಕುಂಟುತ್ತಾ ಬಂದು ಗುರುಗಳ ಮುಂದೆ ಕೂತ.

“ಕಾಲಿಗೆ ಮುಳ್ಳು ಹೊಕ್ಕಿದೆ ಗುರುಗಳೇ.”

“ಯಾರ ಕಾಲಿಗೆ?”

“ಈ ಕಾಲಿಗೆ.”

“ಅದೇ, ಯಾರದು ಅಂತ ಕೇಳಿದೆ. ಯಾರದ್ದೋ ಕಾಲಿನ ಮುಳ್ಳನ್ನು ಕೇಳದೆ ಕೀಳಬಾರದು, ನೋಡು.”

ಲೆಗಿಮಾನ ತಾನೇ ಕಿತ್ತುಕೊಂಡ. ಕಣ್ಣಲ್ಲಿ ನೀರು ಬಂತು. ಆದರೂ ಮಾತು ಬಿಡಲಿಲ್ಲ.

ಹೀಗೆ ದಿನ ಹೋಯಿತು. ಮಳೆ ಹಿಡಿಯಿತು. ಬೆಟ್ಟದ ಮೇಲಿಂದ ಕೆಂಪು ನೀರು ಇಳಿದು ಹೊಳೆ ಉಬ್ಬಿತು.

ಆ ಮಳೆ ಸ್ವಲ್ಪ ಬಿಡುವು ಕೊಟ್ಟ ಒಂದು ಬೆಳಿಗ್ಗೆ ತಂಗಿ ತುಮಿನಿ ಬೆಟ್ಟ ಹತ್ತಿ ಬಂದಳು. ಬೆನ್ನ ಮೇಲೆ ಬಟ್ಟೆಯಲ್ಲಿ ಕಟ್ಟಿದ ಭತ್ತದ ಸಿವುಡು. ಮೊಣಕಾಲಿನವರೆಗೆ ಕೆಸರು. ಅಡುಗೆಮನೆಯ ಜಗಲಿಯಲ್ಲಿ ಹೊರೆ ಇಳಿಸಿ ಉಸ್ಸೆಂದು ಕೂತಳು. ಪ್ರತಿ ಕುಯ್ಲಿನ ಭತ್ತದಲ್ಲಿ ಆಗಾಗ ಒಂದಿಷ್ಟನ್ನು ಆಶ್ರಮಕ್ಕೆ ತಂದುಹಾಕುವುದು ಆ ಮನೆಯ ಪದ್ಧತಿ. ಅಪ್ಪ ಇದ್ದಾಗ ಅಪ್ಪ ತರುತ್ತಿದ್ದ. ಈಗ ಅವಳು.

ಲೆಗಿಮಾನ ನೀರು ತಂದುಕೊಟ್ಟ.

“ಚೆನ್ನಾಗಿದ್ದೀಯಾ ತಂಗಿ?”

“ನೀನು ಚೆನ್ನಾಗಿದ್ದೀಯಲ್ಲ ಕಾಂಗ್. ಮನೆಗೊಬ್ಬರು ಚೆನ್ನಾಗಿದ್ದರೆ ಸಾಕು.”

‘ಕಾಂಗ್’ ಎಂದರೆ ಅವರಲ್ಲಿ ಅಣ್ಣ. ಅವಳು ಅದನ್ನು ಅಂದ ರೀತಿಯಲ್ಲಿ ಅಕ್ಕರೆಯೂ ಇತ್ತು, ಕುಟುಕೂ ಇತ್ತು.

ನೀರು ಕುಡಿದು ತಂಬಿಗೆ ಕೆಳಗಿಟ್ಟಳು.

“ಗದ್ದೆ ಹೋಗುತ್ತದೆ.”

“ಯಾವ ಗದ್ದೆ?”

“ನಮಗೆ ಎಷ್ಟು ಗದ್ದೆ ಇದೆ ಅಂದುಕೊಂಡಿದ್ದೀಯ? ಕೊಕ್ಕರೆಗದ್ದೆ. ನೀನು ಬಿಟ್ಟದ್ದು.”

“ಅದನ್ನು ನಿನಗೆ ಕೊಟ್ಟಾಯಿತಲ್ಲ. ಅದು ನಿನ್ನದು.”

“ನನ್ನದೇ ಆಗಿದ್ದರೆ ನಾನೇಕೆ ಈ ಬೆಟ್ಟ ಹತ್ತುತ್ತಿದ್ದೆ? ಅಲ್ಲ ಕಾಂಗ್, ನೀನು ಅದೇ ಊರಲ್ಲಿ ಹುಟ್ಟಿದವನು ತಾನೇ? ಗದ್ದೆಗೊಂದು ಗುದ್ದಲಿ ಅನ್ನುವುದು ಮರೆತೇ ಹೋಯಿತಾ?”

ಲೆಗಿಮಾನ ಮರೆತಿರಲಿಲ್ಲ. ನೆನೆದಿರಲಿಲ್ಲ, ಅಷ್ಟೇ.

ಆ ಊರಿನ ಗದ್ದೆಗಳಿಗೆಲ್ಲ ನೀರು ಒಂದೇ ಒಡ್ಡಿನಿಂದ. ಹೊಳೆಗೆ ಅಡ್ಡವಾಗಿ ಬಿದಿರಗೂಟ ನೆಟ್ಟು, ಕಲ್ಲು ಮಣ್ಣು ತುಂಬಿ ಕಟ್ಟಿದ ಒಡ್ಡು. ಪ್ರವಾಹ ಬಂದಾಗಲೆಲ್ಲ ಅದು ಒಡೆಯುತ್ತದೆ. ಒಡೆದಾಗಲೆಲ್ಲ ಪ್ರತಿ ಗದ್ದೆಯ ಕಡೆಯಿಂದ ಒಂದು ಗುದ್ದಲಿ ಹೋಗಲೇಬೇಕು. ಗುದ್ದಲಿ ಬಾರದ ಗದ್ದೆ ಊರಿಗೆ ವಾಪಸು. ಊರು ಅದನ್ನು ಗದ್ದೆಯಿಲ್ಲದ ಇನ್ನೊಬ್ಬ ಬಡವನಿಗೆ ಕೊಡುತ್ತದೆ. ಎಲ್ಲರ ಅಜ್ಜಂದಿರೂ ಒಪ್ಪಿದ ಮಾತು ಅದು.

“ನಿನ್ನ ಗಂಡ?”

“ಅವರು ತಾಳೆಮರದಿಂದ ಬಿದ್ದದ್ದು ನಿನಗೆ ಗೊತ್ತಿಲ್ಲವಾ? ಊರುಗೋಲು ಹಿಡಿದವರು ಗುದ್ದಲಿ ಯಾವ ಕೈಯಲ್ಲಿ ಹಿಡಿಯಬೇಕು?”

“ನೀನೇ ಹೋಗಬಹುದಿತ್ತು.”

“ಹೋದೆ. ಲೂರಾ ವಾಪಸು ಕಳಿಸಿದರು.” ಲೂರಾ ಎಂದರೆ ಊರ ಯಜಮಾನ. “ಒಡ್ಡಿನ ಹತ್ತಿರ ಹೆಂಗಸಿನ ಗುದ್ದಲಿ ಲೆಕ್ಕಕ್ಕಿಲ್ಲವಂತೆ. ಬುತ್ತಿ ಹೊತ್ತು ತಂದರೆ ಮಾತ್ರ ಯಾರೂ ಬೇಡ ಅನ್ನುವುದಿಲ್ಲ.”

ಅವಳು ಕಾಲಿನ ಕೆಸರನ್ನು ಉಗುರಿನಿಂದ ಕೆರೆದಳು.

“ಈ ಸಲ ಒಡ್ಡು ಒಡೆದಾಗ ನಮ್ಮ ಗುದ್ದಲಿ ಇರಲಿಲ್ಲ. ನಾಳೆ ಕಡೆಯ ಕೆಲಸ. ನಾಳೆಯೂ ಇಲ್ಲದಿದ್ದರೆ ಗದ್ದೆ ಕಾರ್ಯೋಗೆ. ಸಸಿ ಎದ್ದು ನಿಂತಿದೆ ಕಾಂಗ್. ನೆಡುವುದೊಂದೇ ಬಾಕಿ.”

“ಕಾರ್ಯೋ ಒಳ್ಳೆಯವನು. ಗದ್ದೆಯಿಲ್ಲ, ಮನೆತುಂಬ ಮಕ್ಕಳು. ಅವನಿಗೇ ಹೋಗಲಿ ಬಿಡು. ಎಲ್ಲ ದೇವರದು.”

“ಸರಿ. ಹಾಗಾದರೆ ನನ್ನ ಮಕ್ಕಳೂ ದೇವರವೇ. ನಾಳೆ ತಂದು ಇಲ್ಲೇ ಬಿಟ್ಟುಹೋಗುತ್ತೇನೆ. ಸಾಕಿಕೋ.”

“ತುಮಿನಿ, ಅರ್ಥ ಮಾಡಿಕೋ. ಬಿಟ್ಟದ್ದನ್ನು ಮತ್ತೆ ಹಿಡಿದರೆ ಉಗುಳಿದ್ದನ್ನು ನೆಕ್ಕಿದ ಹಾಗೆ.”

“ಉಗುಳಿದವನ ಮಾತು ಅದು. ಯಾರ ಮೈಮೇಲೆ ಬಿತ್ತೋ ಅವಳೇನು ಮಾಡಬೇಕು, ಅದನ್ನು ಹೇಳು.”

ತಡಿಕೆಯ ಆಚೆ ಗುರುಗಳು ಕೆಮ್ಮಿದರು. ಎಲ್ಲ ಕೇಳಿಸಿತ್ತು.

ಊಟದ ಹೊತ್ತಾಗಿತ್ತು. ಅವರು ಎಲ್ಲರನ್ನೂ ಕರೆದು ಕೂರಿಸಿ ತಾವೇ ಅನ್ನದ ಮಡಕೆ ಹಿಡಿದು ಬಡಿಸಲು ನಿಂತರು. ತುಮಿನಿಗೆ ಬಡಿಸಿದರು. ಉಳಿದ ಶಿಷ್ಯರಿಗೆ ಬಡಿಸಿದರು. ಲೆಗಿಮಾನನ ಎಲೆಯ ಮೇಲೆ ಸೌಟು ಬಂದು ನಿಂತಿತು.

“ಮಗಳೇ, ಈ ಅನ್ನ ಯಾವ ಗದ್ದೆಯದು?”

“ನಮ್ಮದೇ, ಕಿ. ಹೋದ ಕುಯ್ಲಿನಲ್ಲಿ ಅಪ್ಪ ತಂದಿದ್ದನಲ್ಲ, ಕೊಕ್ಕರೆಗದ್ದೆಯ ಭತ್ತ.”

“ಅಯ್ಯೋ,” ಅಂದರು ಗುರುಗಳು. “ಹಾಗಾದರೆ ಇದು ನೀನು ಬಿಟ್ಟದ್ದು, ಲೆಗಿಮಾನ. ಬಡಿಸಿದರೆ ನಿನ್ನ ವ್ರತ ಕೆಡಿಸಿದ ಪಾಪ ನನಗೆ ಬರುತ್ತದೆ.”

ಸೌಟು ಮುಂದಿನ ಎಲೆಗೆ ಹೋಯಿತು.

ಲೆಗಿಮಾನ ಖಾಲಿ ಎಲೆಯನ್ನು ನೋಡುತ್ತಾ ಕೂತ. ನಿನ್ನೆಯೂ ಇದೇ ಅನ್ನ ಉಂಡಿದ್ದ. ಮೊನ್ನೆಯೂ. ವ್ರತ ಹಿಡಿದ ದಿನದ ಸಂಜೆ ಎರಡು ಸಲ ಹಾಕಿಸಿಕೊಂಡು ಉಂಡಿದ್ದ. ಕಿವಿ ಬಿಸಿಯಾಯಿತು.

ಆದರೆ ಉಡ ಗೋಡೆ ಬಿಡಲಿಲ್ಲ. ಎಲೆ ಮಡಿಚಿ ಎದ್ದ.

“ಗುರುಗಳು ಹೇಳಿದ್ದು ಸರಿ. ಇವತ್ತಿನಿಂದ ಕಾಡುಗೆಣಸು ಅಗೆದು ತಿನ್ನುವುದು.”

“ಧಾರಾಳವಾಗಿ ಅಗಿ. ಗುದ್ದಲಿ ಮಾತ್ರ ಸಿಗುವುದಿಲ್ಲ. ಆಶ್ರಮದಲ್ಲಿ ಇರುವುದು ಒಂದು, ಅದು ನನಗೆ ಬೇಕು.”

“ನಿಮಗೇಕೆ ಗುರುಗಳೇ?”

“ಒಡ್ಡಿಗೆ ಹೋಗಬೇಕು. ನಾಳೆ ಕಡೆಯ ಕೆಲಸವಂತೆ, ಕೇಳಿಸಲಿಲ್ಲವಾ?”

ಲೆಗಿಮಾನ ಬೆಚ್ಚಿದ. “ಈ ವಯಸ್ಸಿನಲ್ಲಿ? ಆ ನೀರಿನಲ್ಲಿ?”

“ಏನು ಮಾಡಲಪ್ಪ. ಆ ಗದ್ದೆಯ ಅನ್ನ ಉಂಡಿದ್ದೇನೆ. ನೀನಾದರೆ ವ್ರತಸ್ಥ. ನನಗಿನ್ನೂ ಅಷ್ಟು ಪುಣ್ಯ ಒದಗಿಲ್ಲ.”

ಗುರುಗಳು ಕಚ್ಚೆ ಬಿಗಿದು, ಗುದ್ದಲಿ ಹೆಗಲಿಗೇರಿಸಿ ಹೊರಟೇಬಿಟ್ಟರು. ಮುಂದೆ ತುಮಿನಿ, ಹಿಂದೆ ಗುರುಗಳು. ಅವರ ಹಿಂದೆ, ಏನು ಮಾಡಬೇಕೆಂದು ತೋಚದೆ, ಲೆಗಿಮಾನ.

ದಾರಿಯಲ್ಲಿ ಹೆಜ್ಜೆ ಚುರುಕು ಮಾಡಿ ಕೈ ಚಾಚಿದ.

“ಗುದ್ದಲಿ ಕೊಡಿ ಗುರುಗಳೇ. ಹೊರುವುದಕ್ಕೆ ಹೆಗಲಿದೆ.”

“ಬೇಡ. ಹೆಗಲು ಯಾರದೋ ಏನೋ.”

ತುಮಿನಿ ಮುಂದಿನಿಂದ ಕಿಸಕ್ಕೆಂದಳು. ಅವಳು ಬಹಳ ದಿನದ ಮೇಲೆ ನಕ್ಕಿದ್ದಳು.

ಬೆಟ್ಟ ಇಳಿದಂತೆ ಗದ್ದೆಗಳು ಕಾಣಿಸಿದವು. ಮೆಟ್ಟಿಲು ಮೆಟ್ಟಿಲಾಗಿ ಮಡಿಗಳು. ಒಡ್ಡು ಒಡೆದದ್ದರಿಂದ ಅರ್ಧಕ್ಕರ್ಧ ಮಡಿಗಳಲ್ಲಿ ನೀರಿಲ್ಲ. ಅಗೆಯ ಮಡಿಯಲ್ಲಿ ಸಸಿ ಒತ್ತೊತ್ತಾಗಿ, ಎಳೆಹಸಿರಾಗಿ ನಿಂತಿತ್ತು. ಕಿತ್ತು ನೆಡಲು ಕಾದು ನಿಂತ ಸಸಿ. ಇನ್ನು ನಾಲ್ಕು ದಿನ ತಡವಾದರೆ ಗಂಟು ಬಲಿತು ಕೆಲಸಕ್ಕೆ ಬಾರದೆ ಹೋಗುತ್ತದೆ. ರೈತನ ಮಗನಾದ ಲೆಗಿಮಾನನಿಗೆ ಅದನ್ನು ಯಾರೂ ಹೇಳಬೇಕಾಗಿರಲಿಲ್ಲ. ಅವನು ಕಣ್ಣು ಬೇರೆ ಕಡೆ ಹಾಯಿಸಿದ.

ಮನೆ ಮುಟ್ಟಿದಾಗ ಸಂಜೆ. ಕೊಟ್ಟ ಮನೆಯೊಳಗೆ ಕಾಲಿಡಬಾರದೆಂದು ಅವನು ಅಂಗಳದ ಬಿದಿರು ಮಂಚದ ಮೇಲೇ ಕೂತ. ತುಮಿನಿಯ ಗಂಡ ಊರುಗೋಲು ಕುಟ್ಟುತ್ತಾ ಬಂದು ಒಂದು ಅಚ್ಚು ತಾಳೆಬೆಲ್ಲ ಮುಂದಿಟ್ಟ.

“ತಿನ್ನಿ ಭಾವ. ಇದು ಗದ್ದೆಯದ್ದಲ್ಲ, ಮರದ್ದು. ವ್ರತಕ್ಕೆ ಏನೂ ಆಗುವುದಿಲ್ಲ. ಮರದಿಂದ ಬಿದ್ದವನೇ ಹೇಳುತ್ತಿದ್ದೇನೆ.”

ಲೆಗಿಮಾನ ಬೆಲ್ಲ ಕಚ್ಚಿದ. ಬೆಲ್ಲ ಸಿಹಿಯಾಗಿತ್ತು. ಉಳಿದದ್ದನ್ನು ಮಂಚದ ಮೇಲಿಟ್ಟ.

ಬೆಳಗಾಯಿತು. ಊರಿನ ಗಂಡಸರೆಲ್ಲ ಹೊಳೆಯ ದಂಡೆಯಲ್ಲಿ ಸೇರಿದರು. ಬಿದಿರಗೂಟಗಳ ರಾಶಿ, ಕಲ್ಲಿನ ಬುಟ್ಟಿಗಳು. ಒಡ್ಡಿನ ನಡುವೆ ಬಾಯಿಬಿಟ್ಟ ಬಿರುಕಿನಲ್ಲಿ ಕೆಂಪು ನೀರು ಮೊರೆಯುತ್ತಿತ್ತು. ದಂಡೆಯ ಮರಕ್ಕೆ ಆಳುದ್ದದ ಟೊಳ್ಳು ಕೊರಡೊಂದನ್ನು ತೂಗುಹಾಕಿದ್ದರು. ಒಡ್ಡು ಒಡೆದಾಗ ಊರನ್ನು ಕೂಗುವುದು ಅದೇ.

ಲೂರಾ ಬಂಡೆ ಹತ್ತಿ ನಿಂತ. ಬಡಕಲು ಮುದುಕ. ದನಿ ಮಾತ್ರ ಕೊರಡಿನದೇ. ಒಂದೊಂದೇ ಗದ್ದೆಯ ಹೆಸರು ಹಿಡಿದು ಕೂಗತೊಡಗಿದ.

“ಬಾಳೆಬುಡದ ಗದ್ದೆ! ಗುದ್ದಲಿ ಯಾರದು?”

ಗುಂಪಿನಿಂದ ಒಬ್ಬ ಮುಂದೆ ಬಂದು, ಗುದ್ದಲಿಯ ಬೆನ್ನಿನಿಂದ ಕಲ್ಲಿಗೆ ಟಣ್ ಎಂದು ಬಡಿದ.

“ನನ್ನದು!”

ಬಡಿದವನು ನೀರಿಗಿಳಿದ.

“ಮೂಲೆಗದ್ದೆ! ಗುದ್ದಲಿ ಯಾರದು?”

ಟಣ್. “ನನ್ನದು!”

ಲೆಗಿಮಾನ ಹುಡುಗನಾಗಿದ್ದಾಗ ಅಪ್ಪನ ಹೆಗಲ ಮೇಲೆ ಕೂತು ಈ ಕೂಗು ಕೇಳಿದ್ದ. ಊರು ಒಪ್ಪುವ ಉತ್ತರ ಒಂದೇ. ಒಂದೇ ಒಂದು ಮಾತು.

“ಕೊಕ್ಕರೆಗದ್ದೆ! ಗುದ್ದಲಿ ಯಾರದು?”

ಟಣ್.

“ನನ್ನದು,” ಅಂದರು ಗುರುಗಳು.

ಗುಂಪು ಗುಜುಗುಜು ಅಂದಿತು. ಲೂರಾ ಬಂಡೆಯಿಂದ ಇಳಿದು ಬಂದು ಕೈಮುಗಿದ.

“ಕಿ, ನೀವು ಬಂದದ್ದು ಊರಿನ ಭಾಗ್ಯ. ಆದರೆ ಆ ಕೊರಡು ನೋಡಿ. ಅದನ್ನು ಬಡಿದರೆ ನಿಮ್ಮ ಆಶ್ರಮಕ್ಕೆ ಕೇಳುತ್ತದೆಯೇ?”

“ಇಲ್ಲಪ್ಪ. ನಡುವೆ ಗುಡ್ಡವಿದೆ.”

“ಕೊರಡು ಕೇಳದ ಕಿವಿಯ ಗುದ್ದಲಿಯನ್ನು ಲೆಕ್ಕಕ್ಕೆ ಹಿಡಿಯುವ ಹಾಗಿಲ್ಲ. ತಪ್ಪು ತಿಳಿಯಬೇಡಿ.”

“ತಪ್ಪೇನು ಬಂತು, ನ್ಯಾಯದ ಮಾತೇ. ಲೆಕ್ಕಕ್ಕೆ ಬೇಡ. ಕೆಲಸಕ್ಕೆ ಆಗಬಹುದಲ್ಲ?”

ಗುದ್ದಲಿಯನ್ನು ದಂಡೆಯ ಮೇಲಿಟ್ಟು, ಒಂದು ಬಿದಿರಗೂಟ ಎತ್ತಿಕೊಂಡು, ಗುರುಗಳು ಸದ್ದಿಲ್ಲದೆ ನೀರಿಗಿಳಿದರು. ಯಾರೋ “ಕಿ, ಕಿ” ಎಂದು ತಡೆಯಹೋದರು. ಅಷ್ಟರಲ್ಲಿ ನೀರು ಅವರ ಸೊಂಟಕ್ಕೆ ಬಂದಿತ್ತು.

ಲೂರಾ ಮತ್ತೆ ಬಂಡೆ ಹತ್ತಿದ.

“ಕೊಕ್ಕರೆಗದ್ದೆ! ಎರಡನೆಯ ಕೂಗು! ಗುದ್ದಲಿ ಯಾರದು?”

“ನನ್ನದು!”

ತುಮಿನಿ. ಕೈಯಲ್ಲಿ ಅಪ್ಪನ ಗುದ್ದಲಿ. ಗಂಡಸರು ನೆಲ ನೋಡಿದರು.

“ತುಮಿನಿ, ಮತ್ತೆ ಮತ್ತೆ ಅದನ್ನೇ ಹೇಳಿಸಬೇಡ ತಾಯಿ.”

“ಒಂದು ಮಾತು ಹೇಳಿ ಲೂರಾ. ಈ ನೀರಿಗೆ ಗಂಡು ಹೆಣ್ಣು ಗೊತ್ತಾಗುತ್ತದಾ?”

“ನೀರಿಗೆ ಗೊತ್ತಾಗುವುದಿಲ್ಲ. ಊರಿಗೆ ಗೊತ್ತಾಗುತ್ತದೆ.”

“ಹಾಗಾದರೆ ಊರಿಗಿಂತ ನೀರೇ ವಾಸಿ.”

ಲೂರಾನ ಮುಖದಲ್ಲಿ ಸಿಟ್ಟಿರಲಿಲ್ಲ. ಅಜ್ಜಂದಿರ ಮಾತನ್ನು ಹೊತ್ತು ನಿಂತವನ ದಣಿವಿತ್ತು.

ಗುಂಪಿನ ಅಂಚಿನಲ್ಲಿ ಕಾರ್ಯೋ ನಿಂತಿದ್ದ. ಅವನ ಗುದ್ದಲಿಗೆ ಹೊಸ ಮರದ ಕಾವು. ಅವನು ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಇನ್ನೊಂದು ಕೂಗಾದರೆ, ಹುಟ್ಟಿದಾಗಿನಿಂದ ಇಲ್ಲದ ಗದ್ದೆ ಅವನಿಗೆ ಸಿಗುತ್ತಿತ್ತು. ಅವನ ತುಟಿ ಸದ್ದಿಲ್ಲದೆ ಆಡುತ್ತಿತ್ತು. ಅವನೂ ಯಾವುದೋ ದೇವರನ್ನು ಕರೆಯುತ್ತಿದ್ದನೇನೋ.

“ಕೊಕ್ಕರೆಗದ್ದೆ! ಕಡೆಯ ಕೂಗು!”

ಲೆಗಿಮಾನ ಹೊಳೆಯ ಕಡೆ ನೋಡಿದ. ಬಿರುಕಿನ ಬಾಯಲ್ಲಿ ಗುರುಗಳು ಗೂಟಕ್ಕೆ ಎದೆಕೊಟ್ಟು ನಿಂತಿದ್ದರು. ನೀರು ಅವರ ಬೆನ್ನಿಗೆ ಗುದ್ದುತ್ತಿತ್ತು. ಗೂಟ ನಡುಗುತ್ತಿತ್ತು. ಅವರು ಅವನ ಕಡೆ ಒಂದು ಸಲವೂ ತಿರುಗಿ ನೋಡಲಿಲ್ಲ.

ಆ ಮಾತು ಆಡಿದರೆ ವ್ರತ ಹೋಯಿತು. ಆಡದಿದ್ದರೆ ಗದ್ದೆ ಹೋಯಿತು. ಹೊಳೆಯ ಮುಂದೆ ನಿಂತು ಮಾಡಿದ ಆಣೆ. ಈಗ ಅದೇ ಹೊಳೆ ಎದುರಿಗಿದೆ.

“ಗುದ್ದಲಿ ಯಾರದು?”

ದಂಡೆಯ ಮೇಲೆ ಆಶ್ರಮದ ಗುದ್ದಲಿ ಬಿದ್ದಿತ್ತು. ಲೆಗಿಮಾನ ಅದನ್ನು ಮುಟ್ಟಲಿಲ್ಲ. ತಂಗಿಯ ಹತ್ತಿರ ನಡೆದುಹೋಗಿ ಕೈ ಚಾಚಿದ. ಅವಳು ಅಪ್ಪನ ಗುದ್ದಲಿಯನ್ನು ಕೊಟ್ಟಳು. ಎದುರಿಗೆ ಸಿಕ್ಕ ಕಲ್ಲಿಗೆ ಎತ್ತಿ ಬಡಿದ.

ಟಣ್.

“ನನ್ನದು.”

“ಕೇಳಿಸಲಿಲ್ಲ.”

“ನನ್ನದು! ನನ್ನದು ಲೂರಾ! ಯಾ... ಯಾರದ್ದೋ ಗುದ್ದಲಿ ಅಲ್ಲ, ನನ್ನದೇ!”

ಸಿಟ್ಟಿನ ಭರಕ್ಕೆ ಮಾತು ತೊದಲಿತು. ಒಬ್ಬಿಬ್ಬರು ನಕ್ಕರು. ಲೂರಾ ನಗಲಿಲ್ಲ.

“ಗುದ್ದಲಿ ನಿನ್ನದಾದರೆ ಕಿವಿಯೂ ಇಲ್ಲೇ ಇರಬೇಕು. ಇವತ್ತು ನನ್ನದು ಅಂದು, ನಾಳೆ ಬೆಟ್ಟ ಹತ್ತಿದರೆ ಆಗದು.”

ಲೆಗಿಮಾನ ಬೆಟ್ಟದ ಕಡೆ ನೋಡಿದ. ಮೋಡ ಮುಚ್ಚಿತ್ತು. ಏನೂ ಕಾಣಿಸಲಿಲ್ಲ.

“ಕಿವಿ ಇಲ್ಲೇ ಇರುತ್ತದೆ.”

“ಆಣೆ ಬೇಡ. ಮಾತು ಸಾಕು.”

“ಮಾತು ಕೊಟ್ಟೆ.”

“ಹಾಗಾದರೆ ಕೊಕ್ಕರೆಗದ್ದೆಯ ಬೆಳೆ ನಿನ್ನದು.”

“ಇಲ್ಲ. ಬೆಳೆ ತುಮಿನಿಯದು.”

ಲೂರಾ ಹುಬ್ಬು ಗಂಟಿಕ್ಕಿದ. “ಗುದ್ದಲಿ ನಿನ್ನದು, ಬೆಳೆ ಅವಳದು? ಇದೆಂಥ ಲೆಕ್ಕವಯ್ಯ?”

“ಬೇಡ ಅಂತ ಅಜ್ಜಂದಿರು ಹೇಳಿದ್ದಾರಾ?”

ಲೂರಾ ಗಡ್ಡ ಕೆರೆದುಕೊಂಡ. ಪಕ್ಕದ ಮುದುಕರ ಮುಖ ನೋಡಿದ. ಮುದುಕರು ಒಬ್ಬರ ಮುಖ ಒಬ್ಬರು ನೋಡಿದರು.

“ಬೇಡ ಅಂದಿಲ್ಲ,” ಅಂದ ಲೂರಾ. “ಬೇಕು ಅಂತ ಯಾರೂ ಕೇಳಿರಲಿಲ್ಲ, ಅಷ್ಟೇ. ಇಳಿ ನೀರಿಗೆ!”

ಕಾರ್ಯೋ ಗುದ್ದಲಿಯನ್ನು ಹೆಗಲಿಂದ ಇಳಿಸಿದ. ಒಂದು ಗಳಿಗೆ ಹಾಗೇ ನಿಂತ. ಅವನು ಮನೆಗೆ ಹೊರಟರೆ ಯಾರೂ ತಪ್ಪು ಅನ್ನುತ್ತಿರಲಿಲ್ಲ.

“ಹೊಸ ಕಾವು ಹಾಕಿಸಿದ್ದೆ,” ಅಂದ, ಯಾರಿಗೂ ಅಲ್ಲ ಎಂಬಂತೆ. “ಒಣಗಿಸಿ ಇಡುವುದೇಕೆ.” ಎಂದವನೇ ದುಡುಮ್ಮನೆ ನೀರಿಗೆ ಹಾರಿದ.

ತುಮಿನಿ ದಂಡೆಯಿಂದಲೇ ಕೂಗಿದಳು.

“ಕಾರ್ಯೋ ಕಾಂಗ್! ಕುಯ್ಲು ಬಂದಾಗ ನಿನ್ನ ಹೆಂಡತಿಯೇ ಮೊದಲು ನಮ್ಮ ಗದ್ದೆಗೆ ಇಳಿಯಬೇಕು, ತಿಳಿಯಿತಾ?”

ಅಲ್ಲಿ ಕುಯ್ದವರಿಗೆ ಕುಯ್ದ ಸಿವುಡಿನಲ್ಲೇ ಪಾಲು. ಮೊದಲು ಇಳಿದವರಿಗೆ ಹೆಚ್ಚು.

“ಅವಳ ಕೈ ಬಲು ಚುರುಕು ತಂಗಿ! ಆಮೇಲೆ ಅಳಬೇಡ!”

ಲೆಗಿಮಾನ ನೀರು ಸೀಳಿಕೊಂಡು ಬಿರುಕಿನ ಬಾಯಿಗೆ ಹೋದ. ಗುರುಗಳ ಪಕ್ಕದಲ್ಲಿ ನಿಂತು ಗೂಟಕ್ಕೆ ಹೆಗಲು ಕೊಟ್ಟ. ಗೂಟದ ನಡುಕ ಸ್ವಲ್ಪ ನಿಂತಿತು.

“ಗುರುಗಳೇ, ನೀವು ದಂಡೆಗೆ ಹೋಗಿ.”

“ಕಾಲು ಕಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡಿದೆ. ಹೋಗು ಅಂದರೆ ಹೇಗೆ ಹೋಗಲಿ?”

“ಯಾವಾಗಿನಿಂದ?”

“ಎರಡನೆಯ ಕೂಗಿನಿಂದ.”

ಲೆಗಿಮಾನ ಮುಳುಗಿ ಕಲ್ಲು ಸರಿಸಿದ. ಗುರುಗಳ ಪಾದ ಬಿಡಿಸಿದ. ಮೇಲೆ ಬಂದಾಗ ಅವನ ಮುಖವೆಲ್ಲ ನೀರು. ಹೊಳೆಯದೆಷ್ಟೋ, ಕಣ್ಣಿನದೆಷ್ಟೋ. ಆ ಲೆಕ್ಕ ದೇವರಿಗೇ ಗೊತ್ತು.

ಮಧ್ಯಾಹ್ನ ತುಮಿನಿ ಬುತ್ತಿ ತಂದಳು. ಲೆಗಿಮಾನನ ಮುಂದೆ ಬಾಳೆಲೆ ಹಾಸಿ, ಅನ್ನ ಹಿಡಿದು ನಿಂತಳು.

“ಕೊಕ್ಕರೆಗದ್ದೆಯದು. ಹಾಕಲಾ?”

“ಹಾಕು.”

ಎರಡನೆಯ ಸಲವೂ ಹಾಕಿದಳು. ಅವನು ಬೇಡ ಅನ್ನಲಿಲ್ಲ. ತಾಯಿ ಶ್ರೀದೇವಿ ಯಾರ ಮುನಿಸನ್ನೂ ಮನಸ್ಸಿನಲ್ಲಿಟ್ಟುಕೊಳ್ಳುವವಳಲ್ಲ.

ಸಂಜೆಗೆ ಬಿರುಕು ಮುಚ್ಚಿತು. ಕಟ್ಟಿದ ನೀರು ಒಂದಿಷ್ಟು ಹೊತ್ತು ಸುಮ್ಮನೆ ನಿಂತಿತು. ಆಮೇಲೆ ದಾರಿ ನೆನಪಾದಂತೆ ಕಾಲುವೆಯ ಕಡೆ ಹೊರಳಿತು. ಗಂಡಸರು ಹೋ ಎಂದರು. ಕೆಳಗಿನ ಮಡಿಗಳಲ್ಲಿ ಒಂದೊಂದಾಗಿ ಆಕಾಶ ಕಾಣಿಸಿಕೊಂಡಿತು.

ಗುರುಗಳು ಬಟ್ಟೆ ಹಿಂಡಿಕೊಂಡು, ಆಶ್ರಮದ ಗುದ್ದಲಿ ಹೆಗಲಿಗೇರಿಸಿ ಹೊರಟರು. ಪಾದ ಊದಿಕೊಂಡಿತ್ತು. ಲೂರಾ ಇಬ್ಬರು ಗಂಡಸರನ್ನು ಜೊತೆಗೆ ಕಳಿಸಿದ. ಲೆಗಿಮಾನ ಊರಿನ ಗಡಿಯವರೆಗೂ ಹೋದ. ಅಲ್ಲಿಂದ ಮುಂದೆ ಅವನು ಹೋಗುವಂತಿರಲಿಲ್ಲ.

ಬದುವಿನ ಮೇಲೆ ಉದ್ದಂಡ ಅಡ್ಡಬಿದ್ದ.

“ಗುರುಗಳೇ, ಹೊಳೆಯ ಮುಂದೆ ಆಣೆ ಇಟ್ಟಿದ್ದೆ. ಹೊಳೆಯ ಮುಂದೆಯೇ ಮುರಿದೆ.”

“ನೋಡಿದೆ.”

“ಆಶ್ರಮವೂ ತಪ್ಪಿತು.”

“ಹೌದು.”

“ಪಶ್ಚಾತ್ತಾಪವಿಲ್ಲ. ಆದರೆ ಭಯವಿದೆ. ಅಲ್ಲಿ ಬೆಳಿಗ್ಗೆ ಸಂಜೆ ನೀವಿದ್ದಿರಿ. ಇಲ್ಲಿ ಕೆಸರು, ಸಸಿ, ಬಾತುಕೋಳಿ, ತಂಗಿಯ ಬಾಯಿ. ಇದರ ನಡುವೆ ದೇವರನ್ನು ಮರೆತುಬಿಟ್ಟರೆ? ಒಂದು ಮಂತ್ರವನ್ನಾದರೂ ಕೊಟ್ಟುಹೋಗಿ. ಏನು ಜಪಿಸಲಿ?”

ಗುರುಗಳು ಬಗ್ಗಿ ಅವನನ್ನು ಎತ್ತಿದರು. ಹಣೆಗೆ ಮೆತ್ತಿದ ಮಣ್ಣನ್ನು ಒರೆಸಲಿಲ್ಲ.

“ಕೊರಡು ಕೂಗಿದಾಗಲೆಲ್ಲ ‘ಬಂದೆ’ ಅನ್ನು.”